ಸಹಾಯ ಬೇಕು: ನನ್ನ ಫೋಟೊದಲ್ಲಿ ಬೇರೆಯವರ ಹೆಸರಿದೆ, ಮನಸ್ಸು ಕೆಡದಂತೆ ಕೇಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿ ಕಡೆಯವನು, ವಿಮಾನದ ಫೋಟೊ ಎಂದರೆ ಪ್ರಾಣ. ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ, ಯಲಹಂಕದ ವೈಮಾನಿಕ ಪ್ರದರ್ಶನ ಏರೋ ಇಂಡಿಯಾ ಬರುವುದು ಎರಡು ವರ್ಷಕ್ಕೊಮ್ಮೆ. ಹಾಗಾಗಿ ಸನ್ನಿಸೈಡ್‌ನ ಜನರಲ್ ತಿಮ್ಮಯ್ಯ ಮ್ಯೂಸಿಯಂ ಆವರಣದಲ್ಲಿ ನಿಲ್ಲಿಸಿರುವ ಮಿಗ್-21 ಯುದ್ಧವಿಮಾನ ನನ್ನ ಪಾಲಿಗೆ ಮನೆಬಾಗಿಲ ವಿಮಾನ. ಕಳೆದ ಮಳೆಗಾಲದಲ್ಲಿ ಕೊಡೆ ಹಿಡಿದು ಮುಕ್ಕಾಲು ಗಂಟೆ ಕಾದೆ. ಮಂಜು ಸರಿದಾಗ ರೆಕ್ಕೆಯಂಚಿನಲ್ಲಿ ಹನಿಗಳು ಸಾಲಾಗಿ ತೂಗುತ್ತಿದ್ದವು. ಆಗ ತೆಗೆದ ಫೋಟೊ ಅದು.

ಮೊನ್ನೆ ಅದೇ ಫೋಟೊ ಒಂದು ಆನ್‌ಲೈನ್ ಗುಂಪಿನಲ್ಲಿ ಕಂಡಿತು. ಮೂಲೆಯಲ್ಲಿದ್ದ ನನ್ನ ಹೆಸರು ಕತ್ತರಿಸಿಹೋಗಿದೆ, ಹಿರಿಯ ಸದಸ್ಯರೊಬ್ಬರ ಹೆಸರಿದೆ. ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಆದರೆ ಮಿಗ್-21ರ ಬೇರೆ ಬೇರೆ ಮಾದರಿಗಳನ್ನು ಗುರುತಿಸಲು ನಾನು ಕಲಿತದ್ದೇ ಅವರ ಬರಹಗಳಿಂದ. ಎಲ್ಲರೆದುರು ಕೇಳಲು ಮನಸ್ಸು ಒಪ್ಪುತ್ತಿಲ್ಲ.

1957ರ ಕೃತಿಸ್ವಾಮ್ಯ ಕಾಯ್ದೆಯಂತೆ ತೆಗೆದವನಿಗೇ ಹಕ್ಕು, ನೋಂದಣಿ ಕಡ್ಡಾಯವಲ್ಲ ಎಂಬುದು ಗೊತ್ತು. ಕಾಯ್ದೆ ಹಿಡಿದು ಹೋಗುವ ಆಸೆ ಇಲ್ಲ, ನನ್ನ ಹೆಸರು ಹಾಕಿದರೆ ಸಾಕು.

ಅನುಭವ ಇರುವ ಅಣ್ಣಂದಿರು, ಅಕ್ಕಂದಿರು ಹೇಳಿ: ಮೊದಲ ಮೆಸೇಜ್‌ನಲ್ಲೇ ನನ್ನ ಬಳಿ ಮೂಲ ರಾ ಫೈಲ್ (ಕ್ಯಾಮೆರಾದಿಂದ ಬಂದ, ತಿದ್ದದ ಫೈಲ್) ಇದೆ ಎಂದರೆ ಆರೋಪ ಹೊರಿಸಿದಂತಾಗುತ್ತದಾ? ಉತ್ತರ ಬಾರದಿದ್ದರೆ ಎಷ್ಟು ದಿನ ಕಾದು ಅಡ್ಮಿನ್‌ಗೆ ತಿಳಿಸುವುದು? ಆ ಹಿರಿಯರಿಗೆ ಕಳಿಸಲು ಮರ್ಯಾದೆಯ ಎರಡು ಸಾಲು ಬರೆದುಕೊಟ್ಟರೆ ದೊಡ್ಡ ಉಪಕಾರ.