ಡಿನ್, ಸ್ಕ್ರೀಚ್, ಬ್ಲೇರ್: ಎಲ್ಲಕ್ಕೂ ಗದ್ದಲವೇ?

ಒಂದು ಸಣ್ಣ ಕಥೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಪುಟದಲ್ಲೇ ಕಿವಿ ಗಡಚಿಕ್ಕುವ ಸದ್ದು. ಬೀದಿಯದು ಡಿನ್, ಬ್ರೇಕ್ ಹಾಕಿದ ಟ್ರಾಮಿನದು ಸ್ಕ್ರೀಚ್, ಅಂಗಡಿಯ ರೇಡಿಯೋದ್ದು ಬ್ಲೇರ್, ಮೇಲಿನ ಮಹಡಿಯ ಹುಡುಗರದು ರ‍್ಯಾಕೆಟ್. ನನ್ನ ಕರಡಿನಲ್ಲಿ ಮೂರು ಕಡೆ 'ಗದ್ದಲ', ಒಂದು ಕಡೆ 'ಕರ್ಕಶ ಶಬ್ದ' ಬಂದು ಕೂತಿದ್ದವು. ಓದಿದ ಮನೆಯವರು, "ಎಲ್ಲವೂ ಒಂದೇ ಥರ ಕೇಳಿಸುತ್ತಿದೆಯಲ್ಲ" ಎಂದರು.

ಡಿನ್ ಎಂದರೆ ಒಂದು ಮೂಲದ ಸದ್ದಲ್ಲ. ಹಲವು ಸದ್ದುಗಳು ಕಲಸಿಹೋಗಿ ಎಡೆಬಿಡದೆ ಕಿವಿಗೆ ಬಡಿಯುವಂಥದ್ದು. ಸಂತೆಯ ನಡುವೆ ನಿಂತರೆ ಕೇಳಿಸುವುದು ಅದೇ, ಹಾಗಾಗಿ ಗದ್ದಲವನ್ನು ಅಲ್ಲಿಯೇ ಉಳಿಸಿಕೊಂಡೆ. ಡಿನ್ ಮತ್ತು ಸಂಸ್ಕೃತದ ಧ್ವನಿ ಒಂದೇ ಇಂಡೋ-ಯುರೋಪಿಯನ್ ಧಾತುವಿನ ದಾಯಾದಿಗಳು. ಇಲ್ಲಿ ಅದು 9ನೇ ಶತಮಾನದ ಕಾವ್ಯಮೀಮಾಂಸಕ ಆನಂದವರ್ಧನನ ಕೈಗೆ ಸಿಕ್ಕಿ ಕಾವ್ಯದ ಆತ್ಮವಾಯಿತು, ಅಲ್ಲಿ ಬೀದಿಪಾಲಾಯಿತು!

ರ‍್ಯಾಕೆಟ್‌ನಲ್ಲಿ ಕೇಳುವವರ ಸಿಟ್ಟೂ ಸೇರಿದೆ. ಅದಕ್ಕೆ 'ಗಲಾಟೆ' ಸಾಕು. ಕರಾವಳಿಯ ಗೆಳೆಯರೊಬ್ಬರು 'ಗೌಜಿ' ಆಗಬಹುದೇ ಎಂದು ಕೇಳಿದರು. ಆದರೆ ಅವರ ಕಡೆ ಗೌಜಿ ಎಂದರೆ ಸಂಭ್ರಮವೂ ಹೌದು. ಮದುವೆ ಗೌಜಿಯಾಗಿ ನಡೆಯಿತು ಎಂದರೆ ಅದು ಹೊಗಳಿಕೆ. ರ‍್ಯಾಕೆಟ್‌ಗೆ ಆ ಭಾಗ್ಯವಿಲ್ಲ.

ನಿಜವಾಗಿ ಕಾಡಿದ್ದು ಸ್ಕ್ರೀಚ್. ನಿಘಂಟು ತೆರೆದರೆ ಕಿರುಚಾಟ, ಚೀತ್ಕಾರ ಎಂದಿರುತ್ತದೆ. ಎರಡಕ್ಕೂ ಗಂಟಲು ಬೇಕು, ಟ್ರಾಮಿಗೆ ಎಲ್ಲಿಯ ಗಂಟಲು? ಕನ್ನಡವು ಇಂಥ ಸದ್ದಿಗೆ ಹೆಸರಿಡುತ್ತ ಕೂರುವುದಿಲ್ಲ, ಸದ್ದನ್ನೇ ಆಡಿ ತೋರಿಸಿ 'ಎನ್ನು' ಅಥವಾ 'ಗುಟ್ಟು' ಅಂಟಿಸಿಬಿಡುತ್ತದೆ. ಬಾಗಿಲು ಕಿರ್ರೆನ್ನುತ್ತದೆ, ಕೊಡ ಢಣಾರೆಂದು ಬೀಳುತ್ತದೆ, ಬಾವಿಯ ರಾಟೆ ಕಿರುಗುಟ್ಟುತ್ತದೆ. 'ಟ್ರಾಮಿನ ಬ್ರೇಕಿನ ಕರ್ಕಶ ಶಬ್ದ ಕೇಳಿಬಂತು' ಎಂಬುದನ್ನು ಹೊಡೆದುಹಾಕಿ 'ಟ್ರಾಮು ಕಿರ್ರೆಂದು ನಿಂತಿತು' ಎಂದು ಬರೆದೆ. ಎರಡು ಪದ ಉಳಿತಾಯವಾಯಿತು, ಕಿವಿಗೂ ತಾಗಿತು. ಬ್ಲೇರ್ ಕೂಡ ಇದೇ ದಾರಿಯಲ್ಲಿ ಕ್ರಿಯಾಪದವಾಯಿತು: 'ರೇಡಿಯೋ ಅರಚಿಕೊಳ್ಳುತ್ತಿತ್ತು.' ಇಲ್ಲಿ ಮಾತ್ರ ಗಂಟಲಿನ ತಕರಾರು ಎತ್ತಲಾರೆ, ರೇಡಿಯೋದೊಳಗೆ ಯಾರೋ ಇದ್ದೇ ಇರುತ್ತಾರೆ. ಮನುಷ್ಯರ ದನಿಗಾದರೆ ಬಡತನವೇ ಇಲ್ಲ. ಶ್ರಿಲ್‌ಗೆ ಕೀರಲು, ರಾಕಸ್‌ಗೆ ಗೊಗ್ಗರು ಹೇಳಿ ಮಾಡಿಸಿದಂತಿವೆ.

ಈಗ ಉಳಿದಿರುವುದು ಗ್ರೇಟಿಂಗ್. ಇದು ಮೂಲದಲ್ಲಿ ಕಿವಿಯ ಪದವೇ ಅಲ್ಲ, ತುರಿಯುವ, ಉಜ್ಜುವ ಕೆಲಸದ್ದು. ಹಾರ್ಷ್ ಕೂಡ ಮುಟ್ಟಿದರೆ ಒರಟು ಎಂಬಲ್ಲಿಂದ ಹೊರಟದ್ದು. ನಮ್ಮ ಕರ್ಕಶದ ಕಥೆಯೂ ಅದೇ. ಸಂಸ್ಕೃತದಲ್ಲಿ ಅದು ಗಡಸು, ಒರಟು. ಕನ್ನಡದಲ್ಲಿ ಹೆಚ್ಚಾಗಿ ದನಿಗೇ ಮೀಸಲಾಗಿ ಸವೆದುಹೋಗಿದೆ, ಓದಿದರೆ ಚರ್ಮಕ್ಕೆ ಏನೂ ತಾಗುವುದಿಲ್ಲ. ಹಾಗೆಂದು 'ತುರಿಯುವ ಸದ್ದು' ಎನ್ನಲೇ? ತುರಿಮಣೆಯ ಮೇಲೆ ಕಾಯಿ ತುರಿಯುವ ಸರಸರ ಕೇಳಿದರೆ ನನಗಂತೂ ಹಸಿವಾಗುತ್ತದೆ.

ಸ್ಟೀಲ್ ತಟ್ಟೆಯನ್ನು ಕಡಪಾ ಕಲ್ಲಿನ ಮೇಲೆ ಎಳೆದರೆ, ಕರಿಹಲಗೆಗೆ ಉಗುರು ಗೀರಿದರೆ ನಮ್ಮ ಮನೆಯಲ್ಲಿ 'ಹಲ್ಲು ಜುಮ್ಮೆನ್ನುತ್ತದೆ' ಎನ್ನುತ್ತೇವೆ. ಅದು ಹಲ್ಲಿನ ಪಾಡು ಹೇಳುತ್ತದೆಯೇ ಹೊರತು ಸದ್ದನ್ನು ಹೇಳುವುದಿಲ್ಲ. ಕಿರ್ರೆನ್ನುವುದೂ ಆಗದು, ಅದು ತೆಳುವಾದ ಸದ್ದು. ನನಗೆ ಬೇಕಾದದ್ದು ದಪ್ಪ, ಮರಳು ಮರಳಾದದ್ದು. ನಿಮ್ಮ ಊರಿನಲ್ಲಿ, ನಿಮ್ಮ ಅಜ್ಜಿಯ ಬಾಯಲ್ಲಿ ಇದಕ್ಕೆ ಪದವಿದೆಯೇ? ಕಥೆಯ ಕೊನೆಯಲ್ಲಿ ಜೋತುಬಿದ್ದ ಕಬ್ಬಿಣದ ಗೇಟೊಂದು ನೆಲಕ್ಕೆ ಉಜ್ಜುತ್ತ ತೆರೆದುಕೊಳ್ಳುತ್ತದೆ. ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ.