ಅಕಾರಾದಿಯೇ ಇಲ್ಲದ ಹಳೆಯ ಚೀನೀ ನಿಘಂಟಿನಲ್ಲಿ ಪದ ಹುಡುಕೋದು ಹೇಗೆ?

ಪದಬೇಟೆ:
ಬೆಂಗಳೂರಿನ ನಮ್ಮ ಓದುಗರ ಬಳಗದಲ್ಲಿ ಮುಂದಿನ ಸಲ ನಿಘಂಟುಗಳ ಬಗ್ಗೆ ಮಾತು. ಚಾಮರಾಜಪೇಟೆಯ ಪರಿಷತ್ತಿನ ಕನ್ನಡ ನಿಘಂಟಾಗಲಿ, ಕಿಟೆಲ್ ಕೋಶವಾಗಲಿ, ಅಕಾರಾದಿ ಗೊತ್ತಿದ್ದವರಿಗೆ ಪದ ಸಿಕ್ಕೇ ಸಿಗುತ್ತೆ. ಚೀನೀ ಬರಹದಲ್ಲಿ ವರ್ಣಮಾಲೆಯೇ ಇಲ್ಲವಲ್ಲ, ಎರಡು ಸಾವಿರ ವರ್ಷದ ಹಿಂದೆ ಪದಗಳನ್ನು ಯಾವ ಸಾಲಿನಲ್ಲಿ ಜೋಡಿಸುತ್ತಿದ್ದರು? ‘ಶುವೊವೆನ್’ ಎಂಬ ಹಳೆಯ ಚೀನೀ ಕೋಶದ ಮರುಮುದ್ರಣ ಕೈಗೆ ಬಂದರೆ, ಅಕ್ಷರ ಬರೆಯಲು ಬೇಕಾದ ಗೆರೆ ಎಣಿಸಿ ಹುಡುಕಬಹುದೇ?

ತಾಳೆಗರಿ:
ಮೊದಲು ‘ಅರ್‌ಯಾ’ ಎಂಬ ಚೀನೀ ಪದಕೋಶದಿಂದ ಶುರು ಮಾಡಿ. ಕ್ರಿಸ್ತಪೂರ್ವ 3ನೇ ಶತಮಾನದ ಸುಮಾರಿಗೆ ರೂಪುಗೊಂಡದ್ದು, 19 ಅಧ್ಯಾಯ. ಅದರ ಜೋಡಣೆ ನಮ್ಮ ಹಳೇ ಪೇಟೆಯ ಹಾಗೆ: ಅಕ್ಕಿಪೇಟೆಯಲ್ಲಿ ಅಕ್ಕಿ, ಬಳೇಪೇಟೆಯಲ್ಲಿ ಬಳೆ. ಮೊದಲ 3 ಅಧ್ಯಾಯ ಸಾಮಾನ್ಯ ಪದಗಳಿಗೆ. 4ನೆಯದು ನೆಂಟಸ್ತಿಕೆ, ಆಮೇಲೆ ಮನೆ, ಪಾತ್ರೆ-ಪರಿಕರ, ಸಂಗೀತ, ಆಕಾಶ, ಭೂಮಿ, ದಿಬ್ಬ, ಬೆಟ್ಟ, ನೀರು, ಹುಲ್ಲು, ಮರ, ಹುಳು, ಮೀನು, ಹಕ್ಕಿ. 18ರಲ್ಲಿ ಕಾಡುಮೃಗ, 19ರಲ್ಲಿ ಸಾಕುಪ್ರಾಣಿ. ಕುದುರೆ ಬೇಕಿದ್ದರೆ 19ಕ್ಕೇ ಹೋಗಬೇಕು. ಅಮರಕೋಶದ ವರ್ಗಗಳನ್ನು ಬಾಯಿಪಾಠ ಮಾಡಿದವರಿಗೆ ಇದು ಹೊಸದೇನಲ್ಲ. ಆದರೆ ಅಮರಕೋಶ ಪದ್ಯ, ಇದು ಬರೀ ಪಟ್ಟಿ.

ತೊಡಕಿರೋದು ಮೊದಲ ಅಧ್ಯಾಯದಲ್ಲಿ. ಒಂದಷ್ಟು ಪದ ಸಾಲಾಗಿ ಇಟ್ಟು ಕೊನೆಗೆ ಒಂದೇ ಪದದಲ್ಲಿ ಅರ್ಥ ಹೇಳುತ್ತಾರೆ. ಮೊಟ್ಟಮೊದಲ ಸಾಲಲ್ಲಿ 11 ಪದ, ಎಲ್ಲಕ್ಕೂ ಅರ್ಥ ‘ಆರಂಭ’. ಅರ್ಥ ಹೇಳುವ ಆ ಪದಕ್ಕೇ ಎರಡು ಅರ್ಥ ಇದ್ದರೆ ಎಡವಟ್ಟು. ‘ಯು’ ಅನ್ನೋದಕ್ಕೆ ‘ನಾನು’ ಅಂತಲೂ ‘ಕೊಡು’ ಅಂತಲೂ ಅರ್ಥ. ಹಾಗಾಗಿ ‘ನಾನು’ ಎನ್ನುವ 3 ಪದ, ‘ಕೊಡು’ ಎನ್ನುವ 3 ಪದ ಒಂದೇ ಸಾಲಲ್ಲಿ ಕಲಸಿಕೊಂಡು ಕೂತಿವೆ. ಸಾಲಿನಲ್ಲಿ ಇರುವುದೆಲ್ಲ ಪರ್ಯಾಯಪದ ಅಂತ ನಂಬಿದರೆ ಕೆಟ್ಟಿರಿ.

ಗೆರೆಲೆಕ್ಕ:
ಶುವೊವೆನ್‌ನಲ್ಲಿ ಗೆರೆ ಎಣಿಸಿ ಪ್ರಯೋಜನವಿಲ್ಲ. ಗೆರೆಲೆಕ್ಕದ ಜೋಡಣೆಯನ್ನು ನೆಲೆಗೊಳಿಸಿದ್ದು 1615ರ ‘ತ್ಸುಹುಯಿ’ ಕೋಶ. ಶುವೊವೆನ್ ಮುಗಿದದ್ದು ಕ್ರಿ.ಶ. 100ರಲ್ಲಿ. ಕರ್ತೃ ಶೂ ಶೆನ್. ಅರಸನಿಗೆ ಒಪ್ಪಿಸಿದ್ದು ಮಗ, 121ರಲ್ಲಿ. 9,353 ಅಕ್ಷರ, ಜೊತೆಗೆ 1,163 ರೂಪಾಂತರ, ಎಲ್ಲವೂ 540 ‘ಬೂಶೋ’ಗಳ ಕೆಳಗೆ. ಬೂಶೋ ಅಂದರೆ ತಲೆಗುರುತು ಅಂದುಕೊಳ್ಳಿ: ಆ ಗುಂಪಿನ ಎಲ್ಲ ಅಕ್ಷರಗಳಲ್ಲೂ ಇರುವ ಭಾಗ.

ಹುಡುಕುವ ಬಗೆ ಹೀಗೆ. ಅಕ್ಷರವನ್ನು ಬಿಡಿಸಿ, ಯಾವ ತುಂಡು ಅರ್ಥದ್ದು, ಯಾವುದು ಉಚ್ಚಾರಣೆಯದ್ದು ಅಂತ ನೋಡಿ. ‘ಜಿಯಾಂಗ್’ ನದಿಯ ಅಕ್ಷರದಲ್ಲಿ ಎಡಕ್ಕೆ ನೀರು, ಬಲಕ್ಕೆ ‘ಗೋಂಗ್’ ಎಂಬ ಧ್ವನಿ ತುಂಡು. ಹೋಗಬೇಕಾದ್ದು ನೀರಿನ ಗುಂಪಿಗೆ, ಅದು 11ನೇ ಸಂಪುಟ. ಗುಂಪಿನೊಳಗೂ ಗೆರೆಲೆಕ್ಕ ಇಲ್ಲ. ನೀರಿನ ಗುಂಪಲ್ಲಿ ನದಿಗಳ ಹೆಸರು ಮೊದಲು. ಶೀರ್ಷಿಕೆ ಅಕ್ಷರ ಇಂದಿನ ರೂಪದಲ್ಲಿರದೆ ಮುದ್ರಾಲಿಪಿಯಲ್ಲಿ (ಮೊಹರುಗಳಲ್ಲಿ ಕಾಣುವ ಹಳೆಯ ಲಿಪಿ) ಇರುತ್ತೆ, ಅದರ ರೂಪ ಮೊದಲೇ ಕಂಡಿಟ್ಟುಕೊಳ್ಳಿ.

ಎಲ್ಲರೂ ಎಡವೋದು ‘ಹೆಂಡ’ದಲ್ಲಿ. ಅದರ ಎಡಕ್ಕೂ ನೀರೇ ಇದೆ, ಆದರೂ ಅದು ನೀರಿನ ಗುಂಪಲ್ಲಿಲ್ಲ. 14ನೇ ಸಂಪುಟದಲ್ಲಿ, ಹೆಂಡದ ಮಡಕೆಯ ಬೂಶೋ ಕೆಳಗಿದೆ, ಕೊನೆಯಿಂದ ನಾಲ್ಕನೆಯದು. ಎರಡು ತುಂಡೂ ಅರ್ಥ ಹೇಳುವಂತಿದ್ದರೆ ಎರಡೂ ಕಡೆ ನೋಡಿಬಿಡಿ.

540 ಬೂಶೋಗಳ ಸಾಲೂ ವಿಚಿತ್ರ. ‘ಒಂದು’ ಎಂಬ ಗೆರೆಯಿಂದ ಹೊರಟು ಆಕಾರದ ಹೋಲಿಕೆ ಹಿಡಿದು ಮುಂದಕ್ಕೆ ಹೋಗುತ್ತಾರೆ. ಹಾಗಾಗಿ ಸಂಖ್ಯೆಗಳ ಅಕ್ಷರಗಳನ್ನೇ ನೋಡಿ: 1 ಮತ್ತು 3 ಮೊದಲ ಸಂಪುಟದಲ್ಲಿ, 8 ಎರಡನೆಯದರಲ್ಲಿ, 10 ಮೂರನೆಯದರಲ್ಲಿ, 2 ಹದಿಮೂರರಲ್ಲಿ, 4 ಹದಿನಾಲ್ಕರಲ್ಲಿ! ‘ಮೂರು’ ತಾನೇ ಒಂದು ಬೂಶೋ, ಅದರ ಕೆಳಗೆ ಇನ್ನೊಂದು ಅಕ್ಷರವೂ ಇಲ್ಲ. ಇದು ಹುಡುಕುವವರಿಗೆ ಮಾಡಿದ ಜೋಡಣೆಯಲ್ಲ, ಜಗತ್ತನ್ನು ಮೊದಲಿಂದ ಕೊನೆಯವರೆಗೆ ಓದಿಸುವ ಜೋಡಣೆ. ಮರುಮುದ್ರಣಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ಗೆರೆಲೆಕ್ಕದ ಸೂಚಿ ಇರುತ್ತೆ, ನಾಚಿಕೆಪಡದೆ ಬಳಸಿ.

ತ್ಸುಹುಯಿ 540ನ್ನು 214ಕ್ಕೆ ಇಳಿಸಿತು. ಬೂಶೋಗಳು 1ರಿಂದ 17 ಗೆರೆಯವರೆಗೆ, ಒಳಗೆ ಉಳಿದ ಗೆರೆಗಳ ಲೆಕ್ಕ. 1716ರ ಕಾಂಗ್‌ಶಿ ಕೋಶ ಇದನ್ನೇ ಹಿಡಿಯಿತು. ಇಲ್ಲೂ ಒಂದು ಗುಂಡಿ ಇದೆ: ಎಡಬದಿಯ ನೀರನ್ನು 3 ಗೆರೆಯಲ್ಲಿ ಬರೆದರೂ ಅದು 4 ಗೆರೆಯವರ ಸಾಲಲ್ಲೇ ಇರುತ್ತೆ. ಕಿವಿಯಂಥ ಗುರುತು ಎಡಕ್ಕಿದ್ದರೆ ‘ದಿಬ್ಬ’, 8 ಗೆರೆ. ಬಲಕ್ಕಿದ್ದರೆ ‘ಊರು’, 7 ಗೆರೆ.

ಪ್ರಾಸಪ್ರಿಯ:
ಧ್ವನಿ ಹಿಡಿದು ಜೋಡಿಸಿದ ಕೋಶಗಳನ್ನು ಯಾರೂ ಹೇಳಲಿಲ್ಲ. 601ರ ‘ಚಿಯೆಯುನ್’ (ಲೂ ಫಾಯೆನ್), ಅದನ್ನು ಹಿಗ್ಗಿಸಿದ 1008ರ ‘ಗುವಾಂಗ್‌ಯುನ್’: 206 ಪ್ರಾಸ, 26,194 ಅಕ್ಷರ. ಮೊದಲು 4 ಸ್ವರಭಾರಗಳಾಗಿ, ಅಂದರೆ ಉಚ್ಚಾರಣೆಯ ದನಿಯ ಏರಿಳಿತದಂತೆ, ವಿಂಗಡಣೆ (ಅವುಗಳಲ್ಲಿ ಸಮಸ್ವರದ ಅಕ್ಷರಗಳು ಹೆಚ್ಚು, ಅದಕ್ಕೆ 2 ಸಂಪುಟ), ಅದರೊಳಗೆ ಪ್ರಾಸ, ಅದರೊಳಗೆ ಒಂದೇ ಉಚ್ಚಾರಣೆಯವು. ಪದ್ಯ ಕಟ್ಟುವವರಿಗೆ ಅನುಕೂಲ. ನಮ್ಮ ಆದಿಪ್ರಾಸಕ್ಕೆ ಇಂಥದ್ದು ಮಾಡಿದ್ದರೆ ಎರಡನೇ ಅಕ್ಷರದ ಮೇಲೆ ಜೋಡಿಸಬೇಕಿತ್ತು. ಅಂದಹಾಗೆ ಅಮರಕೋಶದ ನಾನಾರ್ಥವರ್ಗ ಕಾಂತ, ಖಾಂತ ಅಂತ ಕೊನೆಯ ವ್ಯಂಜನ ಹಿಡಿದೇ ಸಾಗುತ್ತೆ.

ಉಚ್ಚಾರಣೆ ತೋರಿಸೋದು ‘ಫಾನ್‌ಚಿಯೆ’ ವಿಧಾನದಲ್ಲಿ: ಎರಡು ಅಕ್ಷರ ಕೊಟ್ಟು, ಮೊದಲನೆಯದರ ತಲೆ, ಎರಡನೆಯದರ ಬಾಲ ಸೇರಿಸಿ ಅನ್ನುತ್ತಾರೆ. ‘ಪೂರ್ವ’ಕ್ಕೆ ‘ತ’ ಮತ್ತು ‘ಹುಂಗ್’, ಸೇರಿದರೆ ‘ತುಂಗ್’.

ಪದಬೇಟೆ:
ಪ್ರಾಸಪ್ರಿಯ ಅವರೇ, ಆ ‘ಹುಂಗ್’ ಇವತ್ತಿನ ಮ್ಯಾಂಡರಿನ್‌ನಲ್ಲಿ 2ನೇ ಸ್ವರಭಾರ, ‘ತುಂಗ್’ 1ನೆಯದು. ಬಾಲದಿಂದಲೇ ಸ್ವರಭಾರ ಬರಬೇಕಲ್ಲವೇ? ಲೆಕ್ಕ ತಪ್ಪಿತಲ್ಲ?

ಪ್ರಾಸಪ್ರಿಯ:
ಲೆಕ್ಕ ಸರಿಯಾಗಿದೆ ಸರ್, ಭಾಷೆ ಬದಲಾಗಿದೆ. ಆಗ ಎರಡೂ ಒಂದೇ ಸಮಸ್ವರ. ಆಮೇಲೆ ಅದು ಎರಡಾಯಿತು: ತಲೆ ಅಘೋಷವಾಗಿದ್ದರೆ ಇಂದಿನ 1, ಘೋಷವಾಗಿದ್ದರೆ ಇಂದಿನ 2. ಅದೇ ಪ್ರಾಸದಲ್ಲಿ ಮುಂದೆ ಬರುವ ‘ಸಮಾನ’ ಎಂಬ ಪದಕ್ಕೂ ಬಾಲ ಅದೇ ‘ಹುಂಗ್’, ಆದರೆ ತಲೆ ಹಳೆಯ ‘ದ’. ಹಳೆಯ ‘ದುಂಗ್’ ಇಂದು ‘ಥುಂಗ್’ ಆಗಿ 2ನೇ ಸ್ವರಭಾರದಲ್ಲಿದೆ. ಆದ್ದರಿಂದ ಸಮಸ್ವರದ ಪದವಾದರೆ ತಲೆಯಕ್ಷರ ನಮ್ಮ ತ ಕಡೆಯದೋ ದ ಕಡೆಯದೋ ಅಂತ ಮೊದಲು ನೋಡಿ, ಬಾಲ ಆಮೇಲೆ.