ತಾರಸಿ ಮೇಲೆ ಮೊದಲ ಅಕ್ವಾಪೋನಿಕ್ಸ್: ಮಾಡಿದವರು ಅನುಭವ ಹೇಳಿ

ಹೊಸಬ, ತುಮಕೂರು: 30x40 ಸೈಟಿನ ಮನೆ. ತಾರಸಿ ಮೇಲೆ ಸಾವಿರ ಲೀಟರಿನ ಒಂದು ಐಬಿಸಿ ಟ್ಯಾಂಕ್ (ಕಬ್ಬಿಣದ ಪಂಜರದೊಳಗಿನ ಪ್ಲಾಸ್ಟಿಕ್ ಟ್ಯಾಂಕ್) ಕತ್ತರಿಸಿ ಕೆಳಗೆ ಮೀನು, ಮೇಲೆ ಜಲ್ಲಿಯಲ್ಲಿ ಸೊಪ್ಪು ಬೆಳೆಯಬೇಕು, ಮೀನಿನ ನೀರೇ ಸೊಪ್ಪಿಗೆ ಹರಿದು ವಾಪಸ್ ಬರಬೇಕು ಅಂತಿದ್ದೇನೆ. ಬೋರ್‌ವೆಲ್ ನೀರು. ಬಜೆಟ್ 25 ಸಾವಿರ. ಮನೆಯಲ್ಲಿ ಮೀನು ತಿನ್ನುವುದಿಲ್ಲ. ಮೇಲಿನ ತೊಟ್ಟಿ ತುಂಬಿದಾಗ ತಾನೇ ಖಾಲಿ ಮಾಡುವ ಬೆಲ್ ಸೈಫನ್ ಒಳ್ಳೆಯದೋ, ಪಂಪನ್ನು ಆಗಾಗ ನಿಲ್ಲಿಸುವ ಟೈಮರೋ? ಯಾವ ಮೀನು ಬಿಡಲಿ?

ಪೀಣ್ಯ ಪೈಪು: ನನ್ನ ಲೆಕ್ಕ ಪೂರ್ತಿ ಹಾಕ್ತೀನಿ, ನೋಡ್ಕೊಳ್ಳಿ. ಹಳೇ ಐಬಿಸಿ 6,500. 20 ಎಂಎಂ ಜಲ್ಲಿ 600, ಅದನ್ನ ತಂದ ಆಟೋಗೆ 900. ಗಂಟೆಗೆ 2000 ಲೀಟರ್ ಪಂಪ್ 1,800. ಬ್ಯಾಟರಿ ಸಮೇತ ಏರ್ ಪಂಪ್ 3,200. ಪಿವಿಸಿ ಪೈಪು, ಎಲ್ಬೋ, ಬಾಲ್ ವಾಲ್ವ್, ಯೂನಿಸೀಲ್ (ಪೈಪು ತೂರಿಸೋ ರಬ್ಬರ್ ಸೀಲು) ಎಲ್ಲ ಸೇರಿ 1,400. ನೀರು ಪರೀಕ್ಷೆ ಕಿಟ್ 3,800. ಮೇಲಿನ ತೊಟ್ಟಿ ಕೂರಿಸೋಕೆ ಕಬ್ಬಿಣದ ಅಡ್ಡಪಟ್ಟಿ 1,500. ಒಟ್ಟು 19,700. ಇದರಲ್ಲಿ ಮೀನು, ಆಹಾರ, ನೆರಳು ಪರದೆ ಯಾವುದೂ ಇಲ್ಲ. ಕಿಟ್ ಬೇಡ ಅನ್ನೋರ ಮಾತು ಕೇಳಲೇಬೇಡಿ, ಅದಿಲ್ಲದೆ ಕಣ್ಣು ಕಟ್ಟಿಕೊಂಡು ನಡೆದ ಹಾಗೆ.

ಟ್ಯಾಂಕಿನಲ್ಲಿ ಮುಂಚೆ ಏನಿತ್ತು ಅಂತ ಲೇಬಲ್ ನೋಡಿ ಕೊಳ್ಳಿ. ಗ್ಲೂಕೋಸ್ ಸಿರಪ್, ಅಡುಗೆ ಎಣ್ಣೆ ಇದ್ದದ್ದಾದರೆ ಸರಿ. ಲೇಬಲ್ ಕಿತ್ತಿದ್ದರೆ ಬಿಟ್ಟುಬಿಡಿ. ಮೇಲಿಂದ 30 ಸೆಂಮೀ ಕತ್ತರಿಸಿ ತಿರುಗಿಸಿದರೆ ಸುಮಾರು 300 ಲೀಟರ್ ತೊಟ್ಟಿ, ಕೆಳಗೆ 600 ಲೀಟರ್ ಮೀನಿನ ನೀರು ಸಿಗುತ್ತೆ. ಹಿತ್ತಾಳೆ ವಾಲ್ವ್, ತಾಮ್ರದ ಫಿಟ್ಟಿಂಗ್ ಎಲ್ಲೂ ಬೇಡ, ಮೀನಿಗೆ ವಿಷ.

ಸೈಫನ್ನೇ ಹಾಕಿ. ನಿಲ್ಲುವ ಪೈಪು 1 ಇಂಚು, 24 ಸೆಂಮೀ ಎತ್ತರ, ತಲೆ ಮೇಲೆ 2ರಿಂದ 1 ಇಂಚಿನ ರಿಡ್ಯೂಸರ್. ಅದರ ಮೇಲೆ 3 ಇಂಚಿನ ಬೆಲ್, ಅಂದ್ರೆ ತಲೆ ಮುಚ್ಚಿದ ಪೈಪು, ಬುಡದಲ್ಲಿ 2 ಸೆಂಮೀ ಕಚ್ಚು. ಸುತ್ತ 4 ಇಂಚಿನ ತೂತು ಪೈಪು, ಜಲ್ಲಿ ಒಳಗೆ ಬರದ ಹಾಗೆ. ನೀರು ತಲೆ ಮೇಲಿಂದ ಬರೀ ಜಿನುಗ್ತಾ ಸೈಫನ್ ಎಳೀತಿಲ್ಲ ಅಂದ್ರೆ ಹರಿವು ಕಡಿಮೆ ಅಂತ ಅರ್ಥ. ವಾಲ್ವ್ ತಿರುಗಿಸಿ, ಕೆಳಗಿನ ಬಾಯಿಗೆ ಒಂದು ಎಲ್ಬೋ ಹಾಕಿ. ಎಳೆಯೋಕೆ ಶುರುವಾಗಿ ನಿಲ್ಲುತ್ತಲೇ ಇಲ್ಲ ಅಂದ್ರೆ ಹರಿವು ಜಾಸ್ತಿ. ಬೆಲ್‌ಗೆ ಒಂದು ಸಣ್ಣ ಗಾಳಿ ಕೊಳವೆ ಅಂಟಿಸಿ.

ಕಂಬ ಮತ್ತು ತೊಲೆ: ಪೈಪಿನ ಅಳತೆ ಇಷ್ಟು ಕರಾರುವಾಕ್ಕಾಗಿ ಕೊಟ್ಟವರು ಭಾರದ ಬಗ್ಗೆ ಒಂದೇ ಒಂದು ಮಾತು ಆಡಿಲ್ಲ! 600 ಲೀಟರ್ ನೀರು ಅಂದರೆ 600 ಕೆಜಿ. 300 ಲೀಟರ್ ಜಲ್ಲಿ ಸುಮಾರು 450 ಕೆಜಿ. ಜಲ್ಲಿಯ ಸಂದಿಯ ನೀರು, ಪಂಜರ ಸೇರಿಸಿದರೆ 1,200 ಕೆಜಿ ಹತ್ತಿರ. ಇದು ಕೂರುವ ಜಾಗ 1.2 ಚದರ ಮೀಟರ್. ಅಂದರೆ ಚದರ ಮೀಟರಿಗೆ ಸಾವಿರ ಕೆಜಿ. ಓಡಾಡುವ ತಾರಸಿಗೆ ಕಟ್ಟಡದ ಭಾರದ ಭಾರತೀಯ ಮಾನದಂಡ ಐಎಸ್ 875ರ ಎರಡನೇ ಭಾಗ ಹೇಳುವ ಭಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕೆಜಿ. ಇದನ್ನು ಸ್ಲ್ಯಾಬಿನ ನಡುವೆ ಇಡುವ ಯೋಚನೆಯನ್ನೇ ಕೈಬಿಡಿ. ಮನೆ ಪಕ್ಕದಲ್ಲಿ ಬಿಟ್ಟ ಖಾಲಿ ಜಾಗದಲ್ಲಿ (ಸೆಟ್‌ಬ್ಯಾಕ್) ನೆಲದ ಮೇಲೆ ಇಡಿ. ದಿನಕ್ಕೆ 4-5 ಗಂಟೆ ಬಿಸಿಲು ಬಿದ್ದರೆ ಸೊಪ್ಪಿಗೆ ಸಾಕು.

ಪೀಣ್ಯ ಪೈಪು: ಊರಿನ ಎಲ್ಲಾ ಮನೆ ಮೇಲೂ ಸಾವಿರ ಲೀಟರ್ ಸಿಂಟೆಕ್ಸ್ ಇದೆ ಸ್ವಾಮಿ. ಯಾವ ಮನೆ ಬಿದ್ದಿದೆ? ಅಷ್ಟು ಭಯ ಇದ್ರೆ ಜಲ್ಲಿ ಬದಲು ಸುಟ್ಟ ಹಗುರ ಮಣ್ಣಿನ ಉಂಡೆ ಹಾಕಲಿ.

ಕಂಬ ಮತ್ತು ತೊಲೆ: ಸಿಂಟೆಕ್ಸ್ ಕೂರುವುದು ಮೆಟ್ಟಿಲ ಗೂಡಿನ ಗೋಡೆ ಮೇಲೆ ಅಥವಾ ತೊಲೆಯ ಸಾಲಿನಲ್ಲಿ ಕಟ್ಟಿದ ಕಟ್ಟೆ ಮೇಲೆ. ಅದರ ಭಾರವನ್ನು ನಕ್ಷೆ ಮಾಡುವಾಗಲೇ ಲೆಕ್ಕ ಹಾಕಿರುತ್ತಾರೆ. ಮಣ್ಣಿನ ಉಂಡೆ 300 ಲೀಟರಿಗೆ 120 ಕೆಜಿ ಬರುತ್ತದೆ, 330 ಕೆಜಿ ಉಳಿಯುತ್ತದೆ, ನಿಜ. ಆದರೆ ಕೆಳಗಿನ 600 ಕೆಜಿ ನೀರು ಎಲ್ಲಿಗೆ ಹೋಯಿತು? ಉಂಡೆಗೆ 6-7 ಸಾವಿರ ಸುರಿದೂ ಭಾರ ಮಿತಿಯ ಹತ್ತಿರಕ್ಕೂ ಇಳಿಯುವುದಿಲ್ಲ. ತಾರಸಿಯೇ ಬೇಕೆಂದರೆ ಇಂಜಿನಿಯರಿಗೆ ನಕ್ಷೆ ತೋರಿಸಿ, ತೊಲೆಯಿಂದ ತೊಲೆಗೆ ಐ-ಸೆಕ್ಷನ್ ಕಬ್ಬಿಣ ಹಾಯಿಸಿ ಅದರ ಮೇಲೆ ಕೂರಿಸಿ.

ಕುಡ್ಲ ಬಸಳೆ: ಭಾರ, ಸೈಫನ್ ಎಲ್ಲ ಆಮೇಲೆ ಮಾರಾಯ್ರೆ. ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಬಿದ್ದರೆ ಇಡೀ ವ್ಯವಸ್ಥೆಯೇ ನಿಲ್ಲುತ್ತದೆ. ಮೀನಿನ ಹೊಲಸಿನ ಅಮೋನಿಯಾವನ್ನು ಬ್ಯಾಕ್ಟೀರಿಯಾ ಗಿಡಕ್ಕೆ ಗೊಬ್ಬರವಾಗುವ ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ, ಅದು ನೀರಿನ ಕಾರ್ಬೊನೇಟನ್ನು ತಿಂದು ಮುಗಿಸುತ್ತದೆ. ನಮ್ಮ ಮುರಕಲ್ಲಿನ ಬಾವಿಯ ನೀರು ಮೊದಲೇ 6ರ ಆಸುಪಾಸು. 6ಕ್ಕಿಂತ ಕೆಳಗೆ ಹೋದರೆ ಬ್ಯಾಕ್ಟೀರಿಯಾ ಕೆಲಸ ಬಿಡುತ್ತದೆ, ಅಮೋನಿಯಾ ಏರುತ್ತದೆ. ಮರುವಾಯಿ (ಕಪ್ಪೆಚಿಪ್ಪಿನ ಜೀವಿ) ಚಿಪ್ಪು ಬೇಯಿಸಿ ಒಣಗಿಸಿ ಒಂದು ಕೆಜಿ ನೈಲಾನ್ ಬಲೆಯಲ್ಲಿ ಕಟ್ಟಿ, ನೀರು ಬೀಳುವ ಜಾಗದಲ್ಲಿ ತೂಗುಹಾಕಿ. ಜೊತೆಗೆ ವಾರಕ್ಕೊಮ್ಮೆ ಸ್ವಲ್ಪ ಪೊಟ್ಯಾಸಿಯಂ ಬೈಕಾರ್ಬೊನೇಟ್. ಅಡುಗೆ ಸೋಡಾ ಬೇಡ, ಸೋಡಿಯಂ ಸೇರಿ ಗಿಡ ಕೆಡುತ್ತದೆ. ಎಲ್ಲರೂ ಚಿಪ್ಪು ಹಾಕಿಯೇ ಶುರು ಮಾಡಬೇಕು.

ಕೋಲಾರದ ನೀರು: ಎಲ್ಲರೂ ಅಂತೆ! ಬಯಲುಸೀಮೆ ಬೋರ್‌ವೆಲ್ ನೀರಿಗೆ ಚಿಪ್ಪು ಹಾಕಿ ಅಂತ ಹೇಳೋದು ಅನ್ಯಾಯ. ನಮ್ಮ ಬೋರಿನ ಪಿಎಚ್ 8.2, ಕ್ಷಾರತೆ (ಆಮ್ಲವನ್ನ ತಡೆಯೋ ಶಕ್ತಿ) ಲೀಟರಿಗೆ 350 ಮಿಲಿಗ್ರಾಂ. ಇದಕ್ಕೆ ಸುಣ್ಣ ಸೇರಿಸಿದ್ರೆ ಗಿಡಕ್ಕೆ ಕಬ್ಬಿಣವೇ ಸಿಗಲ್ಲ. ಎಳೆ ಎಲೆ ಹಳದಿ, ನರ ಮಾತ್ರ ಹಸಿರು, ಇದೇ ಅದರ ಗುರುತು. ಗಿಡಕ್ಕೆ ಸಿಗೋ ಹಾಗೆ ಕಬ್ಬಿಣವನ್ನ ಹಿಡಿದಿಡೋ ಪುಡಿಗಳಲ್ಲಿ ಅಂಗಡಿಯವರು ಕೊಡೋ ಇಡಿಟಿಎ ಕಬ್ಬಿಣ ಪಿಎಚ್ 6.5 ದಾಟಿದರೆ ದಂಡ. ಡಿಟಿಪಿಎ 7.5ರ ತನಕ ನಡೆಯುತ್ತೆ. ಅದಕ್ಕಿಂತ ಮೇಲಿದ್ದರೆ ಇಡಿಡಿಎಚ್‌ಎ ಒಂದೇ ಗತಿ. 600 ಲೀಟರಿಗೆ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಕಬ್ಬಿಣ ಬರಬೇಕಾದರೆ ಶೇ 6 ಕಬ್ಬಿಣ ಇರೋ ಪುಡಿ 20 ಗ್ರಾಂ. ನೀರು ಕೆಂಪಾಗುತ್ತೆ, ಗಾಬರಿ ಬೇಡ.

ಇನ್ನೊಂದು, ಪಿಎಚ್ ಜಾಸ್ತಿ ಇದ್ದಷ್ಟೂ ಅಮೋನಿಯಾ ವಿಷ ಜಾಸ್ತಿ. 28 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಶೇ 1ಕ್ಕಿಂತ ಕಡಿಮೆ ವಿಷರೂಪದಲ್ಲಿರುತ್ತೆ, ಪಿಎಚ್ 8ಕ್ಕೆ ಶೇ 6 ದಾಟುತ್ತೆ. ಮಳೆನೀರು ಹಿಡಿದಿಟ್ಟು ಅರ್ಧಕ್ಕರ್ಧ ಬೆರೆಸಿ. ಆಮ್ಲ ಹಾಕೋದಾದ್ರೆ ಬೇರೆ ಡ್ರಮ್ಮಿನ ನೀರಿಗೆ ಫಾಸ್ಫಾರಿಕ್ ಹಾಕಿ, ಒಂದು ದಿನ ಬಿಟ್ಟು ಮತ್ತೆ ಅಳೆದು, ಆಮೇಲೆ ಮೀನಿನ ತೊಟ್ಟಿಗೆ. ನೇರವಾಗಿ ಸುರಿದರೆ ಮೀನು ಉಳಿಯಲ್ಲ. ನಿಂಬೆ ಉಪ್ಪು ಬೇಡ, ಬ್ಯಾಕ್ಟೀರಿಯಾ ಸಾಯುತ್ತೆ. ಸಾಫ್ಟ್‌ನರ್ ನೀರಂತೂ ಬೇಡವೇ ಬೇಡ.

ಕುಡ್ಲ ಬಸಳೆ: ನಿಮ್ಮ ಕ್ಷಾರತೆಯೂ ಒಂದು ದಿನ ಮುಗಿಯುತ್ತದೆ. ಮಳೆನೀರು ಬೆರೆಸಿದಿರಿ ಅಂದಮೇಲೆ ಇನ್ನೂ ಬೇಗ ಮುಗಿಯುತ್ತದೆ. ಆಗ ಚಿಪ್ಪು ಹುಡುಕುತ್ತೀರಿ.

ಕೋಲಾರದ ನೀರು: ಮುಗಿದಾಗ ಹುಡುಕೋಣ. ಹೊಸಬರಿಗೆ ಮೊದಲ ದಿನವೇ ಹಾಕಿ ಅಂದ್ರಲ್ಲ, ನನ್ನ ತಕರಾರು ಅದಕ್ಕೆ.

ಬಾಗಲಕೋಟಿ ಜಲ್ಲಿ: ನೀರಿನ ಜಗಳ ಆಡಾಕತ್ತೀರಿ, ಜಲ್ಲಿ ಯಾವ ಕಲ್ಲಿಂದು ಅಂತ ಯಾರೂ ಕೇಳವಲ್ರಿ. ನಮ್ಮ ಕಡೆ ಸುಣ್ಣಕಲ್ಲಿಂದ ಬರತೈತಿ. ಹಂತಾದ್ದು ಹಾಕಿದ್ರ ಪಿಎಚ್ ಕೆಳಗ ಇಳಿಯಂಗಿಲ್ಲ, ಎಷ್ಟು ಆಸಿಡ್ ಹಾಕಿದ್ರೂ ಮರುದಿನ ಮತ್ತ ಅಲ್ಲೇ. ಒಂದು ಬಟ್ಟಲ ವಿನೆಗರ್‌ದಾಗ ನಾಲ್ಕು ಕಲ್ಲು ಹಾಕ್ರಿ. ಗುಳ್ಳಿ ಎದ್ದರ ವಾಪಸ್ ಕಳಸ್ರಿ. ಗ್ರಾನೈಟ್ ಜಲ್ಲಿಗೆ ಗುಳ್ಳಿ ಏಳಂಗಿಲ್ಲ. ಕ್ರಷರ್ ಪುಡಿ ಹೋಗೂ ತನಕಾ ತೊಳೀರಿ, ಇಲ್ಲಾಂದ್ರ ಸೈಫನ್ ಬುಡದಾಗ ಕೆಸರು ಕುಂದರತೈತಿ.

ಮತ್ತ ಟೈಮರ್ ಛಲೋ. ಬೇರು ಬೆಲ್ ಒಳಗ ಹೊಕ್ಕಿತಂದ್ರ ಸೈಫನ್ ಕೆಟ್ಟಂಗ. 15 ನಿಮಿಷ ಚಾಲೂ, 45 ನಿಮಿಷ ಬಂದ್.

ಪೀಣ್ಯ ಪೈಪು: 600 ಲೀಟರನ್ನ ಗಂಟೆಗೊಮ್ಮೆ ಪೂರ್ತಿ ಸುತ್ತಿಸಬೇಕು. ಅದನ್ನ 15 ನಿಮಿಷದಲ್ಲೇ ಎತ್ತೋಕೆ ಗಂಟೆಗೆ 2400 ಲೀಟರ್ ನಿಜವಾಗಿ ಬರಬೇಕು. ಡಬ್ಬಿ ಮೇಲೆ ಬರೆದಿರೋದು ಎತ್ತರ ಸೊನ್ನೆ ಇದ್ದಾಗಿನ ಲೆಕ್ಕ, 1.2 ಮೀಟರಿಗೆ ಗಣನೀಯವಾಗಿ ಇಳಿಯುತ್ತೆ. ಆಮೇಲೆ ಮುಳ್ಳು ತಿರುಗೋ ಟೈಮರ್ ಕರೆಂಟ್ ಹೋದಾಗ ಅಲ್ಲೇ ನಿಂತುಬಿಡುತ್ತೆ.

ಬಾಗಲಕೋಟಿ ಜಲ್ಲಿ: ಒಳಗ ಬ್ಯಾಟರಿ ಇರೋ ಡಿಜಿಟಲ್ ತಗೋಬೇಕ್ರಿ. ಅದು ನಿಲ್ಲಂಗಿಲ್ಲ.

ಗೆಂಡೆ ಪ್ರಿಯೆ: ಮೀನಿನ ಮಾತಿಗೆ ಬರೋಣ. ತಿನ್ನದ ಮನೆಗೆ ಜಿಲೇಬಿ ಮೀನು (ತಿಲಾಪಿಯಾ) ಬಿಡಬೇಡಿ. ಮರಿ ಹಾಕಿ ಹಾಕಿ ತೊಟ್ಟಿ ತುಂಬುತ್ತದೆ, ಸಾಕಲು ಮೀನುಗಾರಿಕೆ ಇಲಾಖೆಯ ಅನುಮತಿಯೂ ಬೇಕು. ಆಫ್ರಿಕನ್ ಕ್ಯಾಟ್‌ಫಿಶ್‌ಗೆ ನಿಷೇಧವಿದೆ. ಕೋಯಿ (ಬಣ್ಣದ ಗೆಂಡೆ ಮೀನು) ಸಾಕಿ, ಚಳಿ ಸೆಕೆ ಎರಡನ್ನೂ ತಡೆಯುತ್ತದೆ.

ಮೀನಿಗಿಂತ ಮೊದಲು ನೀರು ಹದವಾಗಬೇಕು, ಅಂದರೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೆಳೆಯಬೇಕು. 600 ಲೀಟರಿಗೆ 4 ಗ್ರಾಂ ಶುದ್ಧ ಅಮೋನಿಯಂ ಕ್ಲೋರೈಡ್ ಹಾಕಿದರೆ ಅಮೋನಿಯಾ 2 ಪಿಪಿಎಂ ಹತ್ತಿರ ಬರುತ್ತದೆ. ಕಲಾಯಿ ಹಾಕುವವರ ನವಸಾಗರ ಅದೇ ವಸ್ತುವಾದರೂ ಅದರಲ್ಲಿ ಇನ್ನೇನು ಬೆರೆತಿದೆಯೋ, ಬೇಡ. ಅಮೋನಿಯಾ ಇಳಿಯುತ್ತಾ ನೈಟ್ರೈಟ್ (ನೈಟ್ರೇಟ್ ಆಗುವ ಮುಂಚಿನ ಹಂತ, ಮೀನಿಗೆ ಇದೂ ವಿಷ) ಏರುತ್ತದೆ, ಆಮೇಲೆ ಅದೂ ಇಳಿಯುತ್ತದೆ. ಹಾಕಿದ 2 ಪಿಪಿಎಂ ಒಂದೇ ದಿನದಲ್ಲಿ ಸೊನ್ನೆಯಾಗಿ ನೈಟ್ರೈಟೂ ಸೊನ್ನೆ ತೋರಿಸಿದರೆ ಮೀನು ಬಿಡಬಹುದು. 4ರಿಂದ 6 ವಾರ. ಆರೋಗ್ಯವಾಗಿರುವ ಅಕ್ವೇರಿಯಂನ ಸ್ಪಂಜು ಸಿಕ್ಕಿದರೆ ಇನ್ನೂ ಬೇಗ. ಮೀನಿದ್ದಾಗ ನೈಟ್ರೈಟ್ ಏರಿತೋ, ಲೀಟರಿಗೆ 1 ಗ್ರಾಂ ಅಯೋಡಿನ್ ಇಲ್ಲದ ಕಲ್ಲುಪ್ಪು ಹಾಕಿ. ಹುರುಳಿಕಾಯಿ, ಸ್ಟ್ರಾಬೆರಿ ಬಾಡುತ್ತವೆ, ಉಳಿದವುಗಳಲ್ಲಿ ಹೆಚ್ಚಿನವು ತಡೆಯುತ್ತವೆ.

ಸೊಪ್ಪಿನ ತೊಟ್ಟಿಗೆ ಚದರ ಮೀಟರಿಗೆ ದಿನಕ್ಕೆ 40-50 ಗ್ರಾಂ ಆಹಾರ ಅನ್ನುವುದು ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ಕೈಪಿಡಿಯ ಲೆಕ್ಕ. ನಿಮ್ಮದು ಒಂದು ಚದರ ಮೀಟರ್ ಚಿಲ್ಲರೆ. 15 ಗ್ರಾಮಿನಿಂದ ಶುರು ಮಾಡಿ, 10 ನಿಮಿಷದಲ್ಲಿ ತಿನ್ನದೆ ಉಳಿದದ್ದನ್ನು ತೆಗೆಯಿರಿ. ಬಸಳೆ, ಪುದೀನ, ಒಂದೆಲಗ, ಪಾಲಕ್ ಹಾಕಿ. ಟೊಮೆಟೊ ಮೊದಲ ವರ್ಷ ಬೇಡ, ಪೊಟ್ಯಾಸಿಯಂ ಸಾಲದು.

ಕಂಬ ಮತ್ತು ತೊಲೆ: 600 ಲೀಟರಿಗೆ ಕೋಯಿಯಾ? ಅರ್ಧ ಮೀಟರ್ ದಾಟಿ ಬೆಳೆಯುವ ಮೀನದು. ಗೋಲ್ಡ್ ಫಿಶ್ ಅನ್ನಿ.

ಗೆಂಡೆ ಪ್ರಿಯೆ: ಗೋಲ್ಡ್ ಫಿಶ್ ಆದರೂ ತುಮಕೂರಿನ ಏಪ್ರಿಲ್ ಬಿಸಿಲಿಗೆ ತಾರಸಿಯ ಮೇಲೆ ಬಳಲುತ್ತದೆ. ಕೋಯಿ ದೊಡ್ಡದಾದರೆ ಕೆರೆಗೆ ಬಿಡದೆ, ಸಾಕುವವರಿಗೆ ಕೊಡಬಹುದು.

ಕಂಬ ಮತ್ತು ತೊಲೆ: ತಾರಸಿಯೇ ಬೇಡ ಅಂತ ತಾನೇ ನಾನು ಹೇಳಿದ್ದು? ನೆಲದ ಮೇಲೆ, ಶೇ 50ರ ನೆರಳು ಪರದೆ ಕಟ್ಟಿ, ಟ್ಯಾಂಕಿನ ಸುತ್ತ ಬಿಳಿ ಶೀಟು ಸುತ್ತಿದರೆ ಪಾಚಿಯೂ ಇಲ್ಲ, ನೀರೂ ತಂಪು.

ಪೀಣ್ಯ ಪೈಪು: ಬೇವಿನೆಣ್ಣೆ ವಿಷಯ ಯಾರೂ ಎತ್ತಿಲ್ಲ. ಹೇನು ಬಂತು ಅಂತ ತೊಟ್ಟಿ ಮೇಲೆ ಸಿಂಪಡಿಸಿದ್ರೆ ನೇರ ಮೀನಿಗೆ ಹೋಗುತ್ತೆ. ಬರೀ ನೀರನ್ನ ಜೋರಾಗಿ ಹೊಡೆದು ಉದುರಿಸಿ. ಸಿಂಟೆಕ್ಸ್ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ.

ಕಂಬ ಮತ್ತು ತೊಲೆ: ಸ್ಲ್ಯಾಬಿನ ದಪ್ಪ, ತೊಲೆಗಳ ನಡುವಿನ ಅಂತರ ಹೇಳಿ, ಆಮೇಲೆ ಮಾತಾಡೋಣ.